ಯಾವುದು ಮೊದಲೋ ಅದು

ಐದು ವರ್ಷ, ಇಲ್ಲಾ ಅರವತ್ತು ಸಾವಿರ ಕಿಲೋಮೀಟರು,
ಯಾವುದು ಮೊದಲೋ ಅದು, ಅಂದ ಹುಡುಗ
ಅಂಗಿಯ ಇಸ್ತ್ರಿ ಮುರೀದ್ಹಂಗ ಬಾಗಿ.
ಒಂದು ಲಕ್ಷ ಅರವತ್ತೆಂಟು ಸಾವಿರ ಇವತ್ತ ಕಟ್ಟಿಬಿಟ್ಟರ
ನಾಳೆ ಆಯಿಲ್ ದರ ಏರಿದರೂ ನಿಮಗ ಬಿಸಿ ತಟ್ಟೂದಿಲ್ಲ ಸರ್.

ಬಿಸಿ ತಟ್ಟೂದಿಲ್ಲ!
ಮೂವತ್ತೊಂದು ವರ್ಷ ಉದ್ಯಮಬಾಗದ ಭಟ್ಟಿ ಮುಂದ ನಿಂತವಗ
ಆ ಮಾತು ಹೇಳಿದ.
ಗಾಜಿನಾಚೆ ಗಾಡಿ ನಿಂತಿತ್ತು,
ಎರಕ ಆರೂವಾಗ ಒಂದು ಗಳಿಗಿ ಬಂದು ಹೋಗ್ತದಲ್ಲ
ಆ ಕಪ್ಪು ನೀಲಿ, ಇಲ್ಲಿ ಹೋಗದೆ ನಿಂತಿತ್ತು.

ಕಾಗದ ಮನೀಗೆ ತಂದೆ.
ಸುಪ್ರಭಾ ಯಾವತ್ತೂ ಕೆಳಗಿನಿಂದ ಓದೂವಾಕಿ,
ಇರುವೆಯಂಥ ಅಕ್ಷರ ಮೊದಲು.
ಬ್ರೇಕ್ ಪ್ಯಾಡು ಇಲ್ಲ. ಟೈರಿಲ್ಲ. ಬ್ಯಾಟರಿ ಇಲ್ಲ.
ಇಲಿ ಕಡಿದ ವೈರು ಅಂತೂ ಇಲ್ಲೇ ಇಲ್ಲ.
ಕೆಡೂವಂಥಾದ್ದು ಒಂದೂ ಇಲ್ಲಲ್ಲರಿ ಇದರಾಗ!

ಆಮೇಲೆ ಪೆನ್ಸಿಲ್ಲು ತಗೊಂಡಳು.
ಶಹಾಪುರದಿಂದ ಫೌಂಡ್ರಿಗೆ ನಾಲ್ಕು, ಬರೂವಾಗ ನಾಲ್ಕು,
ತಿಂಗಳಿಗೊಮ್ಮೆ ಕೊಲ್ಹಾಪುರ, ಅಮಾವಾಸ್ಯೆಗೆ ಸ್ತವನಿಧಿ,
ಐದು ವರ್ಷಕ್ಕ ಮೂವತ್ಮೂರು ಸಾವಿರ ದಾಟೂದಿಲ್ಲ.
ಉಳಿದ ಇಪ್ಪತ್ತೇಳು ಸಾವಿರ ಯಾರು ಓಡಸವರು?
ಹುಬ್ಬಳ್ಳಿಗೆ ಫೋನ್ ಹಚ್ಚಿ ಕೇಳಿದಳು: ಒಂದು ಸರ್ವಿಸಿಗೆ ಇಪ್ಪತ್ತೇಳು ಸಾವಿರ.
ವರ್ಷಾ ವರ್ಷಾ ನೂರಕ್ಕ ಎಂಟು ಏರಿಸಿ ಕೂಡಿಸಿದರೂ
ಹತ್ತು ಸಾವಿರ ನಮ್ಮ ಕಡೇನ ಉಳೀತು,
ಬಡ್ಡಿ ಬ್ಯಾರೆ.
ಲೆಕ್ಕ ಮುಗೀತು ಅಂತ ಪೆನ್ಸಿಲ್ಲು ಕಿವಿಗೆ ಸಿಗಿಸಿದಳು.

ಮುಗೀಲಿಲ್ಲ.
ದಸ್ತಗೀರ ಮೇಸ್ತ್ರಿ ಹಳೇ ಗಾಡಿ ಹದಿನೆಂಟು ವರ್ಷ ನೋಡಿದಾವ,
ಕೆಮ್ಮು ಕೇಳಿ ಬೇನೆ ಹೇಳಾವ, ಅವನೇ ಅಂದ:
ಸಾವಕಾರ್ರ, ಇದರ ಬಾನೆಟ್ ತಗದರ
ನನಗೊಂದು ಪ್ಲಾಸ್ಟಿಕ್ ಮುಚ್ಚಳ ಕಾಣತೈತಿ, ಅಷ್ಟ.
ಲ್ಯಾಪ್‌ಟಾಪ್ ಇಲ್ಲದ ಇದು ಮಾತಾಡೂದಿಲ್ಲ.
ಕೈ ಒರಸಿಕೊಂಡ. ಕೈಗೆ ಏನೂ ಹತ್ತಿರಲಿಲ್ಲ.

ಆ ರಾತ್ರಿ ನಿದ್ದಿ ಹತ್ತಲಿಲ್ಲ, ರೊಕ್ಕದ ಸಲುವಾಗಿ ಅಲ್ಲ.
ಇಂಥದ್ದೇ ಕಾಗದ ನಾನೂ ಮಾರತೀನಿ.
ನಮ್ಮ ಹೈಡ್ರಾಲಿಕ್ ಪ್ರೆಸ್ಸಿಗೆ ವರ್ಷದ ಕರಾರು,
ವರ್ಷಕ್ಕೆರಡು ಭೇಟಿ, ರೊಕ್ಕ ಮೊದಲ.
ಹುಡುಗ ಹೋಗತಾನ, ಗ್ರೀಸ್ ಹಚ್ಚತಾನ,
ಚಾ ಕುಡಿದು ಸಹಿ ಮಾಡಿಸಿಕೊಂಡು ಬರತಾನ.
ಸೀಲು, ವಾಷರು, ಹೋಸ್ ಪೈಪು ಕರಾರಿನಾಗಿಲ್ಲ.
ಇರುವೆಯಂಥ ಅಕ್ಷರ ನಾನೇ ಬರಸಿದ್ದು.

ಕಾಗಲದ ಬಾಳಗೌಡರನ್ನ ಒಮ್ಮೆ ಕೇಳಿದ್ದೆ,
ಹನ್ನೊಂದು ವರ್ಷ ತಪ್ಪದೆ ಕಟ್ಟತೀರಲ್ಲ, ಯಾಕ?
ಅವರು ನಕ್ಕಿದ್ದರು:
ಗ್ರೀಸಿಗೆ ಯಾರು ಕೊಡತಾರೋ,
ರಾತ್ರಿ ಪ್ರೆಸ್ ನಿಂತರ ನೀ ಫೋನ್ ಎತ್ತಲಿ ಅಂತ.

ರವಿವಾರ ರಾತ್ರಿ ಒಂಬತ್ತೂ ನಲವತ್ತಕ್ಕ
ಶೋರೂಮಿನವರು ಕೊಟ್ಟ ನಂಬರ್ ಹಚ್ಚಿದೆ.
ಪಿಟೀಲು ನುಡೀತು. ನಿಮ್ಮ ಕರೆ ನಮಗ ಅಮೂಲ್ಯ ಅಂದಿತು.
ಮತ್ತ ಪಿಟೀಲು.
ದಸ್ತಗೀರಗ ಹಚ್ಚಿದೆ. ಎರಡನೇ ಗಂಟಿಗೆ,
ಬಾಯಾಗ ತುತ್ತು ಇಟ್ಟುಕೊಂಡೇ, ಹೇಳ್ರಿ ಅಂದ.
ಏನಿಲ್ಲೋ, ಊಟ ಮಾಡು ಅಂದೆ.
ಅವನಿಗೆ ನಾ ಯಾವತ್ತೂ ಮುಂಗಡ ಕೊಟ್ಟಿದ್ದಿಲ್ಲ.

ಗಾಡಿ ತಂದೆ. ಪ್ಲಾನಿನ ಕಾಗದ ಹಂಗೇ ಉಳೀತು,
ಹೆಸರಿನ ಜಾಗಾದಾಗ ಜಿನದತ್ತ ಅಂತ ಅರ್ಧ ಬರೆದದ್ದು.
ಅದರ ಬೆನ್ನಿಗೆ ಸುಪ್ರಭಾ ಈಗ ಹಾಲಿನ ಲೆಕ್ಕ ಬರೀತಾಳ.

ಸೋಮವಾರ ಹುಡುಗನ ಚೀಲಕ್ಕ
ಎರಡು ಸೆಟ್ ಸೀಲು ನಾನೇ ಹಾಕಿದೆ.
ಕಾಗಲಕ್ಕ ಹೋಗು, ಅಂದೆ.
ಬಿಲ್ಲು ಯಾರ ಹೆಸರಿಗೆ ಅಂದ.
ಹೋಗಲೇ, ಅಂದೆ, ಅವು ಹರಿಯೂದರೊಳಗ ಹೋಗು,
ಯಾವುದು ಮೊದಲೋ ಯಾರಿಗೆ ಗೊತ್ತು.