ಸೆಟ್ಟಿಂಗ್ ಹಾಳೆ

ಕಾಲವನ್ನು ಬರೆದು ತನ್ನಿ ಅಂದರು ಸರ್,
ಧಾರವಾಡದ ಕಲಾಶಾಲೆ, ಮೂರನೆಯ ವರ್ಷ.
ಗಡಿಯಾರ ಬೇಡ, ಮುದುಕಿಯ ಕೈ ಬೇಡ,
ಉದುರುವ ಎಲೆಯಂತೂ ಬೇಡವೇ ಬೇಡ.
ಆಕಾರ, ಬಣ್ಣ, ಖಾಲಿ ಜಾಗ. ಇಷ್ಟೇ.

ಹತ್ತು ದಿನ ವೃತ್ತ ಎಳೆದೆ.
ವೃತ್ತದೊಳಗೆ ವೃತ್ತ, ಬೂದಿ ಬಣ್ಣದ ಗೆರೆ.
ಎಲ್ಲವೂ ಯಾವುದೋ ಬ್ಯಾಂಕಿನ ಲಾಂಛನದ ಹಾಗೆ ಕಂಡವು.

ಶನಿವಾರ ಗದಗಿನ ಬಸ್ಸು ಹಿಡಿದೆ.
ಬೆಟಗೇರಿಯಲ್ಲಿ ಇಳಿಹೊತ್ತು. ಮಗ್ಗ ನಿಂತ ಓಣಿಯಲ್ಲಿ
ಪ್ರೆಸ್ಸೊಂದೇ ಇನ್ನೂ ಮಾತಾಡುತ್ತಿತ್ತು,
ಅಪ್ಪ ಮೊಳೆ ಜೋಡಿಸುತ್ತಿದ್ದ ಅದೇ ಪ್ರೆಸ್ಸು.
ಕನ್ನಡವನ್ನು ಉಲ್ಟಾ ಓದುತ್ತಿದ್ದ ಅಪ್ಪ, ಸರಾಗ;
ಮನೆಯಲ್ಲಿ ಪೇಪರು ಓದುವಾಗಲೇ ತಡವರಿಸುತ್ತಿದ್ದ.

ಮೋದಿನಸಾಬರು ಮಷಿನ್ನಿಗೆ ಕಾಗದ ಉಣಿಸುತ್ತಿದ್ದರು.
ಹೊಸ ಕೆಲಸಕ್ಕೆ ಮಸಿ ಹದಕ್ಕೆ ಬರುವ ತನಕ
ಒಳ್ಳೆಯ ಹಾಳೆ ಕೆಡಿಸುವುದಿಲ್ಲ ಅವರು,
ಹಳೆಯ ರದ್ದಿಯನ್ನೇ ಮತ್ತೆ ಮತ್ತೆ ಬಿಡುತ್ತಾರೆ.
ಎಷ್ಟು ಸಲ ಹಾದಿತ್ತೋ ಒಂದು ಹಾಳೆ,
ನೆಲಕ್ಕೆ ಬಿದ್ದದ್ದನ್ನು ಎತ್ತಿ ನೋಡಿದೆ:

ಯಾರದೋ ಲಗ್ನದ ಕುಂಕುಮದ ಕೆಂಪು,
ಅದರ ಮೇಲೆ ಸೋಡಾ ಲೇಬಲ್ಲಿನ ಹಸಿರು ಉಂಗುರ,
ಉಂಗುರದೊಳಗೆ ಪುಣ್ಯಸ್ಮರಣೆಯೊಂದರ ಕಪ್ಪು ಅಂಚು,
ಅಡತಿ ಅಂಗಡಿ ಪಾವತಿಯ ನೀಲಿ ಗೆರೆ ಅಡ್ಡಡ್ಡ.
ಅಕ್ಷರ ಅಕ್ಷರವನ್ನು ನುಂಗಿ
ಒಂದು ‘ಳ’ದ ಸುರುಳಿ ಮಾತ್ರ ಹೊರಗುಳಿದಿತ್ತು.
ನೀಲಿಯಿಂದ ಕೆಂಪು ಕೂದಲೆಳೆಯಷ್ಟು ಸರಿದು
ಆ ಸಂದಿಯಲ್ಲಿ ಬಿಳಿ.

“ರಿಜಿಸ್ಟರ್ ತಪ್ಪೇತಿ,” ಅಂದರು ಸಾಬರು, ನಾಚಿದಂತೆ.
ಅಪ್ಪನ ಮುಖ ನನಗೆ ನೆನಪಾಗುವುದೂ ಹೀಗೇ:
ಮೂಗು ಒಂದು ವರ್ಷದ್ದು, ಕನ್ನಡಕ ಇನ್ನೊಂದು ವರ್ಷದ್ದು,
ನಗೆ ಎಲ್ಲೋ ಅಂಚಿನ ಆಚೆ.

“ಒಯ್ಯವಾ, ರದ್ದಿ ಐತಿ. ಏನ್ ಮಾಡ್ತಿ ಅದನ್ನ?”
ಹೇಳಲಿಲ್ಲ. ಚಹಾ ತರಿಸಿದರು.
“ನಿಮ್ಮಪ್ಪ ಇದ್ದಾಗಿನ ಹಾಳಿನೂ ಇದ್ದೀತು ಈ ಗಂಟಿನ್ಯಾಗ.
ಯಾವುದು ಅಂತ ಹೇಳಾಕ ಬರಂಗಿಲ್ಲ.”

ಸೋಮವಾರ ನಸುಕಿಗೆ, ಹಾಸ್ಟೆಲಿನ ನೆಲದ ಮೇಲೆ,
ಉಕ್ಕಿನ ಪಟ್ಟಿ ಇಟ್ಟು ಬ್ಲೇಡು ಹಿಡಿದೆ.
ಬಲಗಡೆ ಅಂಚಿಗೆ ಮಸಿಯ ಹೆಬ್ಬೆರಳಿನ ಗುರುತು.
ಯಾರದೋ. ಯಾವ ವರ್ಷದ್ದೋ.
ಒಳಗಿರಬೇಕೋ ಅದು, ಹೊರಗೋ?
ಉಳಿದದ್ದನ್ನೆಲ್ಲ ಬೇರೆಯವರು ಮಾಡಿ ಮುಗಿಸಿದ್ದರು,
ನನ್ನ ಪಾಲಿಗೆ ಇದೊಂದೇ ಗೆರೆ.
ಅರ್ಧ ತಾಸು ಹಾಗೇ ಕೂತು,
ಪಟ್ಟಿಯನ್ನು ಬೆರಳಿನ ನಟ್ಟನಡುವಿಗೆ ಸರಿಸಿ
ಕೊಯ್ದೆ.

ಅರ್ಧ ಗೋಡೆಗೆ ಹೋಯಿತು.
ಇನ್ನರ್ಧ, ಬೆರಳಗಲದ ಚೂರು,
ಕಂಪಾಸ್ ಪೆಟ್ಟಿಗೆಯಲ್ಲಿದೆ. ಇನ್ನೂ ಕೈಗೆ ಹತ್ತುತ್ತದೆ ಮಸಿ.