ಮೂಡದ ಗೆರೆ

ಬಸಿರಿನ ಪಟ್ಟಿಯಲ್ಲಿ ಎರಡು ಗೆರೆ ಬಂದರೆ
ಇದೆ ಅಂತ ಅರ್ಥ.
ಗಾಂಜಾದ ಪಟ್ಟಿ ಉಲ್ಟಾ,
ಎರಡನೇ ಗೆರೆ ಮೂಡದಿದ್ದರೆ ಇದೆ.
ಹದಿನಾರು ವರ್ಷದಿಂದ ಲ್ಯಾಬಿನಲ್ಲಿದ್ದೇನೆ,
ಈಗಲೂ ಬರೆಯುವ ಮೊದಲು ಕೈ ಒಮ್ಮೆ ತಡೆಯುತ್ತದೆ.

ಆ ಗುರುವಾರ ಮಾಚೇನಹಳ್ಳಿಯಿಂದ
ಹಾಲಸ್ವಾಮಿಯನ್ನು ಗೂಡ್ಸ್ ಆಟೋದಲ್ಲಿ ತಂದರು.
ಬಲಗೈಗೆ ಕ್ಯಾಂಟೀನಿನ ಟವೆಲ್ಲು,
ಮೂರು ಬೆರಳು ಬೇರೆ, ಊಟದ ಡಬ್ಬಿಯಲ್ಲಿ,
ಐಸ್‌ಕ್ಯಾಂಡಿ ಗಾಡಿಯ ಐಸಿನ ಜೊತೆ.
ಹೊಲಿಯೋಕೆ ಆಗಲ್ಲ ಅಂದರು ಡಾಕ್ಟರು.
ಡಬ್ಬಿಗಿಂತ ಮೊದಲೇ ನನ್ನ ಟೇಬಲ್ಲಿಗೆ ಬಂದಿತ್ತು
ಫ್ಯಾಕ್ಟರಿ ಮ್ಯಾನೇಜರನ ಚೀಟಿ:
ಮೂತ್ರ ಪರೀಕ್ಷೆ. ತುರ್ತು.

ಎರಡನೇ ಗೆರೆ ಮೂಡಲಿಲ್ಲ.

'ಭಾನುವಾರ ಸಾರ್, ಭಾನುವಾರ,
ಭಾವಮೈದನ ಜೊತೆ ತುಂಗೆ ದಂಡೇಲಿ ಎರಡು ದಮ್ಮು.
ಸೋಮವಾರ ಮಂಗಳವಾರ ಬುಧವಾರ ಡ್ಯೂಟಿ ಮಾಡಿದೀನಿ,
ಒಂದು ಪೀಸೂ ರಿಜೆಕ್ಟ್ ಆಗಿಲ್ಲ, ಕೇಳಿ ನೋಡಿ.'
ನಾನು ಯಾರನ್ನು ಕೇಳಲಿ?
ಕೊಬ್ಬಿನಲ್ಲಿ ಕೂತದ್ದು ತನ್ನ ಪುರಸೊತ್ತಿನಲ್ಲಿ ಎದ್ದು ಬರುತ್ತದೆ,
ಮೈಗೆ ವಾರದ ಲೆಕ್ಕವಿಲ್ಲ,
ಪಟ್ಟಿಗೆ ಗಡಿಯಾರ ಕಟ್ಟಿಲ್ಲ.

ಪೆಟ್ಟು ಬಿದ್ದ ಆ ಹೊತ್ತಿನಲ್ಲಿ ಅಮಲಿದ್ದು
ಅದರಿಂದಲೇ ಪೆಟ್ಟಾಗಿದ್ದರೆ ಪರಿಹಾರವಿಲ್ಲವಂತೆ.
ಮಾಲೀಕರ ವಕೀಲರು ಅಮಲನ್ನು ಗಟ್ಟಿಯಾಗಿ ಓದಿದರು.
'ಆ ಹೊತ್ತಿನಲ್ಲಿ' ಎಂಬುದು ಕೆಮ್ಮಿನಲ್ಲಿ ಹೋಯಿತು.
ಸಾಕ್ಷಿಗೆ ನನ್ನನ್ನೂ ಕರೆದಿದ್ದರು.
ಇತ್ತೋ ಇಲ್ಲವೋ, ಅಷ್ಟು ಹೇಳಿ ಸಾಕು.
ಇತ್ತು, ಅಂದೆ.

ಹೊರಗೆ ಟೀ ಅಂಗಡಿಯಲ್ಲಿ ಅದೇ ವಕೀಲರು:
'ಹೊರದೇಶದಲ್ಲಿ ಕೆಲವು ಕಡೆ ಬಿಲ್ ಕೊಟ್ಟೇ ಮಾರ್ತಾರ್ರೀ.
ಅಲ್ಲೂ ಇದೇ ಜಗಳ. ಯಾವತ್ತು ಸೇದಿದ, ಯಾವತ್ತು ಬಿದ್ದ.'
ಸಕ್ಕರೆ ಸಾಲದು ಅಂತ ಗ್ಲಾಸು ವಾಪಸ್ಸು ಕೊಟ್ಟರು.

ಅವನ ಹೆಂಡತಿ ನಾಗವೇಣಿ
ಬಸ್ ಸ್ಟ್ಯಾಂಡಿನವರೆಗೂ ನನ್ನ ಪಕ್ಕದಲ್ಲೇ ನಡೆದಳು.
ಬೈಯಲಿಲ್ಲ. ಸಾಗರದ ಬಸ್ಸು ಹೊರಟಾಗ ಕೇಳಿದಳು:
'ಆ ಪ್ರೆಸ್ಸಿನ ಜಾಲರಿ ಬಿಚ್ಚಿಟ್ಟು ಎರಡು ವರ್ಷ ಆಗಿತ್ತಂತೆ.
ಅದರ ಉಚ್ಚೆ ಯಾರು ಹಿಡಿದ್ರಣ್ಣ?'

ಈಗ ಪ್ರತಿ ವರದಿಯ ಕೆಳಗೆ ಪೆನ್ನಿನಲ್ಲಿ ಬರೆಯುತ್ತೇನೆ:
ಯಾವಾಗ ಸೇದಿದ್ದು, ಈ ಪರೀಕ್ಷೆಗೆ ಗೊತ್ತಿಲ್ಲ.
ಮೊನ್ನೆ ಮೇಡಂ ಕರೆದರು:
ಫಾರಂನಲ್ಲಿ ಇಲ್ಲದ್ದು ಬರೀಬೇಡಿ.
ಆ ಸಾಲಿನ ಮೇಲೆ ವೈಟ್ನರ್ ಬಳಿದಿದ್ದಾರೆ.
ಬೆಳಕಿಗೆ ಹಿಡಿದರೆ
ಕಾಣುತ್ತದೆ.