ನಡವಳಿಯಲ್ಲಿ ಸೇರದ್ದು

ಸಭೆ ಹನ್ನೊಂದಕ್ಕೆ ಅಂತಿತ್ತು. ಹನ್ನೆರಡೂಕಾಲಾಯಿತು.
ದುರ್ಗದವರ ಜೀಪು ಭರಮಸಾಗರದ ಹತ್ತಿರ ಪಂಕ್ಚರ್.
ಮೇಜಿನ ಮೇಲೆ ವಿಷಯಸೂಚಿ:
ನಗರ ನಗರಗಳ ನಡುವೆ ಆಹಾರ ತಿಳಿವಳಿಕೆಯ ವಿನಿಮಯ.
ಅದರ ಪಕ್ಕ ಎಲ್ಲಿಂದಲೋ ಬಂದ ಬಿಸ್ಕತ್ತು,
ಎಲ್ಲಿಂದಲೋ ಬಂದ ನೀರು, ಬಾಟಲಿಯಲ್ಲಿ.

ನಾನು ದ್ವಿತೀಯ ದರ್ಜೆ ಗುಮಾಸ್ತ, ನಡವಳಿ ಬರೆಯುವವನು.
ಯಾರು ಏನಂದರೆಂಬುದನ್ನು
ಯಾರೂ ಆಡದ ಭಾಷೆಗೆ ತಿರುಗಿಸುವುದು ನನ್ನ ಕೆಲಸ.

ಹರಿಹರದವರು ಗೋಡೆಯ ಮೇಲೆ ಚಿತ್ರ ಬಿಟ್ಟರು:
ಸಂತೆ ಎದ್ದ ಮೇಲೆ ಉಳಿದ ಬದನೆ, ಬಾಡಿದ ಮೆಂತ್ಯ
ಹಾಸ್ಟೆಲ್ಲಿನ ಸಾರಿಗೆ ಹೋಗುವ ದಾರಿ, ಬಾಣದ ಗುರುತು ಹಾಕಿ.
ಚೆನ್ನಾಗಿತ್ತು. ಬಾಣಗಳು ಬಾಡಿರಲಿಲ್ಲ.

ಆಮೇಲೆ ಮಂಡಕ್ಕಿ ಭಟ್ಟಿಯ ಜೈತುನಬಿ ಎದ್ದಳು,
ಮೂವತ್ತೊಂದು ವರ್ಷದ ಬೆಂಕಿಯ ಎದುರಿಂದ ಎದ್ದ ಹಾಗೆ.
ದುರ್ಗದ ಎಂಜಿನಿಯರು ತಿಪ್ಪೇಶಪ್ಪ ಪೆನ್ನು ಹಿಡಿದು ಕೇಳಿದರು,
ಮರಳಿನ ಉಷ್ಣಾಂಶ ಎಷ್ಟಿರಬೇಕಮ್ಮ?

"ಕಾಳು ಬಿದ್ದ ಕೂಡ್ಲೆ ಮಾತಾಡಬೇಕ್ರೀ ಸಾಹೇಬ್ರ.
ಬೈದಂಗೆ ಸದ್ದು ಬಂದ್ರೆ ಉರಿ ಜಾಸ್ತಿ,
ಗೊಣಗಿದಂಗೆ ಬಂದ್ರೆ ಕಮ್ಮಿ.
ನಗಬೇಕು ಅದು. ಮನಿತುಂಬ ಹುಡುಗ್ರು ನಕ್ಕಂಗೆ."

ನಾನು ಬರೆದೆ:
'ಅನುಭವದ ಆಧಾರದ ಮೇಲೆ ನಿಗದಿಪಡಿಸಲಾಗುತ್ತದೆ.'

ಚಳ್ಳಕೆರೆ ಕಡೆಯ ಪಾಲಮ್ಮನ ಸರದಿ ಬಂತು.
ಸಾಮೆ, ನವಣೆ, ಬಿಳಿಜೋಳ, ಮೂರು ಗಂಟು ಬಿಚ್ಚಿ
ಬಿಸ್ಕತ್ತಿನ ತಟ್ಟೆ ಬದಿಗೆ ಸರಿಸಿ ಹರವಿದಳು.
ಅವಳು ಹೇಳಿದ್ದು ಹಗೇವಿನ ಮಾತು:
ಅಂಗಳದಡಿ ಕಾಳು ಮುಚ್ಚಿಟ್ಟ ಗುಂಡಿಯನ್ನು
ತೆರೆದ ಕೂಡಲೇ ಇಳಿಯಬಾರದು,
ಒಳಗೆ ಕೂತ ಗಾಳಿ ಮನುಷ್ಯನನ್ನು ನುಂಗುತ್ತದೆ.
"ಮೊದಲು ಹಗ್ಗಕ್ಕೆ ಕಟ್ಟಿ ದೀಪ ಇಳಿಸ್ತೀವಿ.
ದೀಪ ಆರಿದ್ರೆ ಕಾಯ್ತೀವಿ. ಹಸಿವಾದ್ರೂ ಕಾಯ್ತೀವಿ."

ಆಗ ಜೈತುನಬಿ ಕೂತಲ್ಲೇ ಅಂದಳು, ಯಾರಿಗೂ ಅಲ್ಲ ಎಂಬಂತೆ:
"ನಮ್ಮ ಭಟ್ಟಿಗೂ ಒಂದ್ ದೀಪ ಇಳಿಸಿ ನೋಡ್ರಿ.
ಹೊಟ್ಟು ತುಟ್ಟಿ ಅಂತ ಹಳೇ ಟೈರು ಸುಡ್ತಾರ.
ಮಂಡಕ್ಕಿ ಬೆಳ್ಳಗೆ ಬರ್ತೈತಿ.
ನಾವು ಕೆಮ್ಮಿದ್ದು ಕರ್ರಗೆ ಬರ್ತೈತಿ."

ಫ್ಯಾನು ತಿರುಗುತ್ತಿತ್ತು.
ಯಾರದೋ ಮೊಬೈಲು ಮೇಜಿನ ಮೇಲೆ ನಡುಗಿ ಸುಮ್ಮನಾಯಿತು.
ಅಧ್ಯಕ್ಷತೆಯ ಕುರ್ಚಿ ನನ್ನ ಕಡೆ ನೋಡಿತು.
ನನ್ನ ಕೈ ತನ್ನಷ್ಟಕ್ಕೆ ತಾನೇ ಬರೆಯತೊಡಗಿತು:
'ಟೈರ್ ಬಳಕೆಯನ್ನು ಹಂತ ಹಂತವಾಗಿ—'
ಹೋದ ವರ್ಷವೂ ಬರೆದಿದ್ದೆ ಈ ಹಂತ. ಅದರ ಹಿಂದಿನ ವರ್ಷವೂ.
ಯಾವ ಮೆಟ್ಟಿಲು ಇದು, ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

ಹೊಡೆದು ಹಾಕಿದೆ.
ಅವಳಂದದ್ದನ್ನು ಅವಳಂದ ಹಾಗೇ ಬರೆದೆ, ಕರ್ರಗೆ ಎಂಬುದನ್ನೂ.
ಕರಡು ವಾಪಸು ಬಂತು ಸಂಜೆಯೊಳಗೆ,
ಆ ಸಾಲಿನ ಕೆಳಗೆ ಕೆಂಪು ಗೆರೆ, 'ಭಾಷೆ ಸರಿಪಡಿಸಿ'.

ಸಭೆ ಎದ್ದ ಮೇಲೆ ನಡೆದದ್ದಕ್ಕೆ ಗೊತ್ತುವಳಿ ಸಂಖ್ಯೆ ಇಲ್ಲ.
ಜೈತುನಬಿ ಚೀಲದಿಂದ ಖಾರ ಮಂಡಕ್ಕಿ ತೆಗೆದಳು,
ಮೆಟ್ಟಿಲ ಮೇಲೆ ಮೂರೂರಿನವರು ಪೇಪರಿನಲ್ಲಿ ಹಂಚಿಕೊಂಡರು.
ವಿಷಯಸೂಚಿಯ ಹಾಳೆಯದೇ ಪೊಟ್ಟಣ.
ಬಿಳಿಜೋಳದ ಗಂಟು ಕೈ ಬದಲಾಯಿಸಿತು.
ತಿಪ್ಪೇಶಪ್ಪ, ಹೊಟ್ಟಿನ ಒಲೆಯ ನಕ್ಷೆ
ಅದೇ ಪೊಟ್ಟಣದ ಹಿಂದೆ ಗೀಚಿ ಕೊಟ್ಟರು, ಎಣ್ಣೆ ಕಲೆಯ ಮೇಲೆ.

ಮೂರು ವಾರದ ಮೇಲೆ ಅವಳು ಕಚೇರಿಗೆ ಬಂದಳು,
ದುರ್ಗಕ್ಕೊಂದು ಕಾಗದ ಬರೀರಿ ಅಂತ.
ಅವಳು ಹೇಳಿದಳು, ನಾನು ತಿದ್ದಲಿಲ್ಲ:

"ಪಾಲಮ್ಮಾರಿಗೆ ಸಲಾಮು.
ನಿಮ್ಮ ಜೋಳ ಮೊದಲ್ನೇ ಸಲ ಕರಕಾತು.
ಎರಡ್ನೇ ಸಲ ಬೈತು. ಮೂರ್ನೇ ಸಲ
ಮೊರದಾಗ ಅರ್ಧ ಅರಳ್ತು, ಅರ್ಧ ಹಟಾ ಮಾಡ್ತು.
ಹೊಸ ಒಲಿ ಒಂದೇ ಕಟ್ಟೀವಿ, ನಾಕ್ ಮನಿ ಸೇರಿ.
ಹೊಗಿ ಇನ್ನೂ ಐತಿ. ಆದ್ರೆ ದೀಪ ಆರಲಿಲ್ಲ.
ನೆನಿಸೋದು ಎಷ್ಟ್ ಹೊತ್ತು, ಹೇಳಿ ಕಳಸ್ರಿ."

ಜಾವಕ ಸಂಖ್ಯೆ ಹಾಕಿದೆ. ಮೊಹರು ಒತ್ತಿದೆ.
ಲಕೋಟೆಯೊಳಗೆ ಅವಳು ಒಂದು ಹಿಡಿ ಅರಳು ತುರುಕಿದ್ದಳು.
ಅಂಟು ಹಿಡಿಯಲಿಲ್ಲ, ಬಾಯಿ ಬಿಟ್ಟೇ ಇತ್ತು.
ಬಸ್ ಸ್ಟ್ಯಾಂಡಿಗೆ ನಾನೇ ಒಯ್ದೆ,
ದಾರಿಯಲ್ಲಿ ನಾಲ್ಕು ಕಾಳು ತಿಂದೆ.
ಉಪ್ಪು ಸ್ವಲ್ಪ ಮುಂದಾಗಿತ್ತು.
ಅದನ್ನೂ ಬರೆಯಬೇಕಿತ್ತು.